ದೇವರಕೋಣೆಯ ಪೈಪು

ಮಂಚದಿಂದ ಇಳಿಬಿಟ್ಟ ಎಡಗಾಲು ನೆಲಕ್ಕೆ ತಗಲುವ ಮೊದಲೇ ಗುರುಸಂಗಪ್ಪನಿಗೆ ಗೊತ್ತಾಗಿತ್ತು, ಇವತ್ತೂ ಒದ್ದೆಯೇ. ಆದರೂ ಕಾಲನ್ನು ಗಾಳಿಯಲ್ಲಿ ಸ್ವಲ್ಪ ಹೊತ್ತು ಹಾಗೇ ತಡೆದು ಹಿಡಿದ. ಮುಟ್ಟುವವರೆಗೆ ನೆಲ ಒಣಗಿರಬಹುದು ಎಂಬ ಒಂದು ಆಸೆ ಉಳಿದಿರುತ್ತದಲ್ಲ, ಅದನ್ನು ಅಷ್ಟು ಬೇಗ ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ಊರಿಗೆಲ್ಲ ಸಿಮೆಂಟು ಮಾರುವ, ಕೆರೆ ಹೋರಾಟ ಸಮಿತಿಯ ಅಧ್ಯಕ್ಷನಾದ, ಮೀಸೆ ಹಣ್ಣಾದ ಗಂಡಸು ಒಂದು ಕಾಲೆತ್ತಿಕೊಂಡು ಕೊಕ್ಕರೆಯ ಹಾಗೆ ಮಂಚದ ಅಂಚಿನಲ್ಲಿ ಕೂತಿರುವುದನ್ನು ಹೆಂಡತಿ ಪುಷ್ಪಲತಾ ಬಾಗಿಲಲ್ಲಿ ನಿಂತು ನೋಡಿದಳು. ಕೈಯಲ್ಲಿದ್ದ ಹಳೆಯ ಧೋತರವನ್ನು ಬಕೀಟಿಗೆ ಹಿಂಡಿದಳು.

"ಇಳೀರಿ, ಇಳೀರಿ. ಮುಣುಗೂದಿಲ್ಲ," ಅಂದಳು. "ಇನ್ನಾ ಹಿಮ್ಮಡ ಮಟಾನೂ ಬಂದಿಲ್ಲ."

"ಮೆಲ್ಲಗ ಮಾತಾಡು."

"ಮೆಲ್ಲಗ ಮಾತಾಡಿದ್ರ ಒಣಗತೈತೇನು?"

ಬಕೀಟಿನ ನೀರನ್ನು ಎಲ್ಲಿ ಚೆಲ್ಲುವುದು ಎಂಬುದೇ ಈಗ ಮನೆಯಲ್ಲಿ ದೊಡ್ಡ ಸಮಸ್ಯೆ. ಅಂಗಳಕ್ಕೆ ಚೆಲ್ಲಿದರೆ ಓಣಿಯವರು ಬೆಳಗಾಗೆದ್ದು ಇಷ್ಟು ನೀರು ಎಲ್ಲಿಂದ ಅನ್ನುತ್ತಾರೆ. ಬಚ್ಚಲಿಗೆ ಸುರಿದರೆ ಬಚ್ಚಲು ಅದನ್ನು ಕುಡಿಯದೆ, ಗುಳುಗುಳು ಎಂದು ಬಾಯಿ ಮುಕ್ಕಳಿಸಿ, ಅರ್ಧ ವಾಪಸು ಉಗುಳುತ್ತಿತ್ತು. ಹಿಂದಿನ ಗುಂಡಿ ತುಂಬಿತ್ತು. ಗುಂಡಿ ಯಾಕೆ ತುಂಬಿತ್ತೆಂದರೆ ಅದರ ಸುತ್ತಲಿನ ನೆಲ ತುಂಬಿತ್ತು. ನೆಲ ಯಾಕೆ ತುಂಬಿತ್ತೆಂದರೆ ಕೆರೆ ತುಂಬಿತ್ತು. ಕೆರೆ ಯಾಕೆ ತುಂಬಿತ್ತು ಎಂದು ಕೇಳಿದರೆ ಈ ಸೀಮೆಯ ಯಾವ ಮಗುವಾದರೂ ಹೇಳುತ್ತದೆ, ಗುರುಸಂಗಪ್ಪನಿಂದ. ಹೊಳೆಯ ನೀರನ್ನು ಪೈಪಿನಲ್ಲಿ ತಂದು ಬಣಗುಡುವ ಕೆರೆಗೆ ಹಾಕಬೇಕೆಂದು ಅವನು ತನ್ನ ಅರ್ಧ ಆಯುಷ್ಯ ಕೂಗಿದ್ದ. ಹಗರಿಬೊಮ್ಮನಹಳ್ಳಿಯವರೆಗೆ ಬಿಸಿಲಲ್ಲಿ ನಡೆದಿದ್ದ, ಕಚೇರಿಯ ಕಟ್ಟೆಯ ಮೇಲೆ ಮಂಡಕ್ಕಿ ತಿಂದು ಮಲಗಿದ್ದ. 'ಕೆರೆ ತುಂಬಲಿ, ಮನೆಮನೆಗೂ ಗಂಗೆ ಬರಲಿ' ಎಂಬ ಘೋಷಣೆಯನ್ನು ಬರೆದವನೂ ಅವನೇ. ಬರೆದ ದಿನ 'ಮನೆಮನೆಗೂ' ಎಂಬುದು ಹೆಚ್ಚಾಯಿತೇನೋ ಎಂದು ಒಂದು ಕ್ಷಣ ಅನಿಸಿತ್ತು. ಲಯಕ್ಕೆ ಇರಲಿ ಎಂದು ಬಿಟ್ಟಿದ್ದ.

ಇವತ್ತು ಆ ಕೆರೆಗೆ ಬಾಗಿನ, ಏರಿಯ ಮೇಲೆ ಅವನಿಗೆ ಸನ್ಮಾನ, ಆಮೇಲೆ ಅವನ ಮನೆಯಲ್ಲಿ ಊಟ. ಊಟ ಬೇರೆ ಕಡೆ ಇಡೋಣವೆಂದು ಎಷ್ಟು ಹೇಳಿದರೂ ಸಮಿತಿಯವರು ಕೇಳಿರಲಿಲ್ಲ. ಒದ್ದೆ ನೆಲ ಯಾರ ಕಣ್ಣಿಗೂ ಬೀಳದೆ ಸಂಜೆಯಾಗಬೇಕು, ಅಷ್ಟೇ ಅವನಿಗೆ ಬೇಕಾಗಿದ್ದದ್ದು. ನೀರಿಗಾಗಿ ಊರನ್ನೇ ಬೀದಿಗಿಳಿಸಿದವನ ಮನೆಯೊಳಗೆ ನೀರು ಬಂದು, ಅವನು ಅದನ್ನು ಧೋತರದಲ್ಲಿ ಒರೆಸಿ ಕದ್ದು ಚೆಲ್ಲುತ್ತಿದ್ದಾನೆ ಎಂದು ಗೊತ್ತಾದರೆ ಕೊಟ್ಟೂರಿನ ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ತಿನ್ನುವವರೆಲ್ಲ ನಗುತ್ತಾರೆ. ನಗಲಿ ಎನ್ನಬಹುದಿತ್ತು. ಆದರೆ ನಗುವುದಕ್ಕೂ ಮೊದಲು ಕೊಟ್ರಬಸಮ್ಮ ಬರುತ್ತಾಳೆ, ಬಾಗಿಲಲ್ಲಿ ನಿಂತು ನೋಡುತ್ತಾಳೆ, ಏನನ್ನೂ ಹೇಳುವುದಿಲ್ಲ. ಅದನ್ನು ನೆನೆದು ಅವನ ಕಾಲು ತಾನಾಗಿಯೇ ಮೇಲಕ್ಕೆದ್ದಿತು.

ಹಿಂದಿನ ತಿಂಗಳು ಆಕೆ ಬಂದದ್ದು ಇದೇ ಬಾಗಿಲಿಗೆ. ಗಂಡ ತೀರಿದ ಮೇಲೆ ಖಡಕ್ ರೊಟ್ಟಿ ಬಡಿದು ಕೊಟ್ಟೂರಿನ ಖಾನಾವಳಿಗಳಿಗೆ ಹಾಕಿ ಬದುಕುವವಳು. ತಗ್ಗಿನಕೇರಿಯಲ್ಲಿ ಅವನ ಮನೆಯಿಂದ ಮೂರನೆಯದು ಆಕೆಯದು. "ಅಣ್ಣಾರ, ಗ್ವಾಡಿ ಹಸಿ ಹಿಡದೈತ್ರಿ. ರೊಟ್ಟಿ ಒಂದೂ ಖಡಕ್ ಆಗವಲ್ಲವು. ಇದು ಕೆರೀ ನೀರು ಅಲ್ಲೇನ್ರಿ?" ಎಂದು ಕೇಳಿದ್ದಳು. ಆಗ ಅವನ ಮನೆಯಲ್ಲೂ ನೀರು ಆಗಲೇ ಬಂದಿತ್ತು. ಜಮಖಾನೆಯ ಮೇಲೆ ನಿಂತೇ ಅವನು ಉತ್ತರ ಕೊಟ್ಟಿದ್ದ. ಗೋಡೆಯ ಸಿಮೆಂಟು ಸರಿಯಿಲ್ಲ ಎನ್ನುವ ಹಾಗಿರಲಿಲ್ಲ, ಸಿಮೆಂಟು ಅವನ ಅಂಗಡಿಯದೇ. ಊರಲ್ಲಿ ಯಾರ ಗೋಡೆಯ ಗಿಲಾವು ಉದುರಿದರೂ ಜನ ಮೊದಲು ನೋಡುವುದು ಅವನ ಕಡೆಗೆ. ಸಂಗಪ್ಪನ ಚೀಲದಲ್ಲಿ ಅರ್ಧ ಬೂದಿ ಎಂಬ ಮಾತು ಹಳೆಯದು. ಕೆರೆಯ ನೀರು ಎನ್ನುವ ಹಾಗೂ ಇರಲಿಲ್ಲ. "ಪೈಪು ಲೀಕ್ ಇರಬೇಕು ನೋಡಬೇ ಯಕ್ಕಾ, ಬಚ್ಚಲದ್ದು," ಅಂದುಬಿಟ್ಟಿದ್ದ. ಆಕೆ ನಂಬಿದಳು. ಮರುದಿನವೇ ಗೌಂಡಿಯನ್ನು ಕರೆಸಿ ಬಚ್ಚಲನ್ನು ಒಡೆಸಿ ಅಗೆಸಿದಳು. ಪೈಪು ಗಟ್ಟಿಯಾಗಿತ್ತು. ಅಂದಿನಿಂದ ಆಕೆ ಹಿತ್ತಲಲ್ಲಿ ಸೀರೆ ಮರೆ ಕಟ್ಟಿ ಸ್ನಾನ ಮಾಡುತ್ತಾಳೆ. ಆ ಹಸಿರು ಸೀರೆ ಅವನ ಮಾಳಿಗೆಯ ಮೇಲಿಂದ ಕಾಣುತ್ತದೆ. ಅವನು ಮಾಳಿಗೆ ಹತ್ತುವುದನ್ನೇ ಬಿಟ್ಟಿದ್ದಾನೆ.

"ಸಂಗಣ್ಣಾ," ಎಂದು ದೇವರಕೋಣೆಯಿಂದ ತಾಯಿ ಕರೆದಳು. "ಇವತ್ತು ಛಲೋ ಉಸಿರಾಡಾಕ ಹತ್ಯಾಳ ನೋಡು."

ಉಸಿರಾಡುತ್ತಿದ್ದದ್ದು ಪೈಪು. ದೇವರಕೋಣೆಯ ಮೂಲೆಯಲ್ಲಿ, ಎಣ್ಣೆದೀಪದ ಸಮೆಯ ಹಿಂದೆ, ನೆಲದಿಂದ ಗೇಣುದ್ದ ಮೇಲೆದ್ದ, ಮುಚ್ಚಳ ತಿರುವಿದ ದಪ್ಪ ಪೈಪು. ಆ ಕೋಣೆಯ ಅಡಿಯಲ್ಲಿ ಅವನ ಅಪ್ಪ ತೋಡಿಸಿದ ಬಾವಿ ಇದೆ. ಇತ್ತು. ಕೆರೆ ಒಣಗಿ, ಅದರ ಹಿಂದೆ ಬಾವಿ ಒಣಗಿ, ಅದರ ತಳದಲ್ಲಿ ಜಾಲಿ ಬೆಳೆದು, ಹುಡುಗರು ಚೆಂಡು ಬಿದ್ದರೆ ಇಳಿದು ತರುವಂತಾದ ಮೇಲೆ, ನೀರಿಲ್ಲದ ತೂತಿಗೆ ಇಷ್ಟು ಜಾಗ ಯಾಕೆ ಎಂದು ಗುರುಸಂಗಪ್ಪ ಅದಕ್ಕೆ ಹಳೆ ಮನೆಯ ಮಣ್ಣು, ಒಡೆದ ಹಂಚು, ಒಂದು ಬೀಸುಕಲ್ಲು, ಲೆಕ್ಕವಿಲ್ಲದಷ್ಟು ಸೋಡಾ ಬಾಟಲಿ ಸುರಿಸಿ ಮುಚ್ಚಿ ಮೇಲೆ ಮನೆ ಕಟ್ಟಿಸಿದ್ದ. ತಾಯಿ ದಾಕ್ಷಾಯಣಮ್ಮ ಆಗ ಊಟ ಬಿಟ್ಟು ಕೂತಿದ್ದಳು. ಆಕೆಯ ತವರು ಮಾಗಳ, ತುಂಗಭದ್ರೆಯ ದಂಡೆ. ಈ ಒಣ ಊರಿಗೆ ಮದುವೆಯಾಗಿ ಬಂದದ್ದೇ ತನ್ನ ಮೇಲಾದ ಒಂದು ಮೋಸವೆಂದು ಆಕೆ ಇವತ್ತಿಗೂ ನಂಬಿದ್ದಾಳೆ. "ಮುಚ್ಚಾದು ಮುಚ್ಚು. ಒಳಗಿನ ಗಂಗವ್ವಗ ಉಸಿರಾಡಾಕ ಒಂದು ಕಿಂಡಿ ಬಿಡು. ಉಸಿರು ಕಟ್ಟಿಸಿ ಕೊಲ್ಲಬ್ಯಾಡ" ಎಂದಿದ್ದಳು. ಗೌಂಡಿ ನಕ್ಕಿದ್ದ. ತಾಯಿ ಉಣ್ಣಲಿ ಎಂದು ಗುರುಸಂಗಪ್ಪ ತಳದವರೆಗೆ ಪೈಪು ಇಳಿಬಿಟ್ಟು ಸುತ್ತ ಮಣ್ಣು ತುಂಬಿಸಿದ್ದ. ಸತ್ತವಳಿಗೆ ಉಸಿರಾಟದ ವ್ಯವಸ್ಥೆ ಮಾಡಿದ ಮೇಲೆ ಅದನ್ನು ಮರೆತೂ ಬಿಟ್ಟಿದ್ದ. ಈಗ ಮುಚ್ಚಳದ ತಿರುಪಿನ ಎಳೆಗಳ ನಡುವಿನಿಂದ ಸಣ್ಣಗೆ ಗುಳ್ಳೆ ಏಳುತ್ತಿತ್ತು. ತಾಯಿ ಕೋಲೂರಿ ಕೂತು, ಮೊಮ್ಮಗುವಿನ ತೊಟ್ಟಿಲು ನೋಡುವವಳ ಹಾಗೆ ಅದನ್ನೇ ನೋಡುತ್ತಿದ್ದಳು.

"ಯವ್ವಾ, ಇವತ್ತೊಂದಿನ ಆ ಮುಚ್ಚಳ ಮುಟ್ಟಬ್ಯಾಡ."

"ನನಗ ಏರಿ ಹತ್ತಾಕ ಆಗೂದಿಲ್ಲ. ನಾನು ಬಾಗಿನ ಎಲ್ಲಿ ಬಿಡ್ಲಿ?"

"ನಿನ್ನ ಹೆಸರಿಲೆ ನಾ ಬಿಡ್ತೀನಿ."

"ನೀ ಆಕಿಗೆ ಹಂಚು ತಿನಿಸಿದಾಂವ," ಅಂದಳು ತಾಯಿ. ಅದೇ ಹೊತ್ತಿಗೆ ಪೈಪಿನ ಹಿಂದೆ ಎಲ್ಲೋ ವಟರ್ ಎಂದಿತು. ಕಪ್ಪೆ. ಎಲ್ಲಿಂದ ಬಂತೋ, ಎರಡು ದಿನದಿಂದ ಗೋಡೆಗೂ ನೆಲಕ್ಕೂ ನಡುವಿನ ಸಂದಿಯಲ್ಲಿ ಮನೆ ಮಾಡಿತ್ತು. ಹಿಡಿಯಲು ಹೋದರೆ ಸುಮ್ಮನಾಗುತ್ತಿತ್ತು. ಆ ಸದ್ದು ಹೊರಗೆ ಕೇಳದಿರಲೆಂದು ಗುರುಸಂಗಪ್ಪ ಅಭ್ಯಾಸಬಲದಿಂದ ಜೋರಾಗಿ ಕೆಮ್ಮಿದ.

ಏರಿಯ ಮೇಲೆ ಅವನ ಕೊರಳಿಗೆ ಹಡಗಲಿಯಿಂದ ತರಿಸಿದ ಮಲ್ಲಿಗೆಯ ಹಾರ ಬಿತ್ತು. ಬಾಡದಿರಲೆಂದು ನೀರು ಚಿಮುಕಿಸಿಟ್ಟಿದ್ದರು. ಅದು ಅಂಗಿಯೊಳಗೆ ಇಳಿದು ಬೆನ್ನಗುಂಟ ಹರಿಯಿತು. ಇಲ್ಲಿಯೂ ಬಿಡದಲ್ಲ ಎಂದುಕೊಂಡ. ಶಾಲು ಹೊದಿಸಿದರು. ಮೈಕು ಹಿಡಿದವನು ಓಬಳೇಶಪ್ಪ, ಸಮಿತಿಯ ಉಪಾಧ್ಯಕ್ಷ, ಕುರಿ ಹಿಂಡಿನ ಒಡೆಯ. ಗುಡ್ಡದ ಆ ಬದಿಯ ಕುರಿಯನ್ನು ಈ ಬದಿಯಿಂದ ಕೂಗಿ ತಿರುಗಿಸುವ ಗಂಟಲಿಗೆ ಮೈಕಿನ ಅಗತ್ಯವಿರಲಿಲ್ಲ. ಕೆರೆ ತುಂಬಿದರೆ ತಲೆಗೂದಲು ಕೊಡುತ್ತೇನೆಂದು ಉಚ್ಚಂಗಿದುರ್ಗದ ಅಮ್ಮನಿಗೆ ಹರಕೆ ಹೊತ್ತಿದ್ದ ಅವನ ಬೋಳುತಲೆ ಬಿಸಿಲಿಗೆ ಮಿರಿಮಿರಿ ಹೊಳೆಯುತ್ತಿತ್ತು. ದಿಬ್ಬದ ಓಣಿಯವನು ಅವನು. ಅವನ ಹೊಲದ ಸತ್ತ ಬೋರು ಈಗ ಮೋಟರು ಹಾಕುವ ಮೊದಲೇ ಗೊರಗೊರ ಎನ್ನುತ್ತದಂತೆ. ಸುತ್ತಲಿನ ನಾಲ್ಕು ಹಳ್ಳಿಯ ಬೋರುಗಳು ಜೀವ ಹಿಡಿದಿವೆ; ಅದು ಸುಳ್ಳಲ್ಲ. ಗುರುಸಂಗಪ್ಪ ಅದನ್ನು ಕಣ್ಣಾರೆ ನೋಡಿ ಬಂದು, ಯಾರೂ ಇಲ್ಲದಾಗ ಒಮ್ಮೆ ಅತ್ತಿದ್ದ ಕೂಡ.

ಓಬಳೇಶಪ್ಪ ಮಾತಾಡುತ್ತಿರುವಾಗ ಗುರುಸಂಗಪ್ಪ ಎಡಕ್ಕೆ ನೋಡಿದ. ನೀರು, ಹೆಚ್ಚುಕಡಿಮೆ ಅವನ ಪಾದದ ಮಟ್ಟಕ್ಕೆ, ಎಷ್ಟು ಶಾಂತವಾಗಿತ್ತೆಂದರೆ ಅದರ ಮೇಲೆ ಕಾಲಿಟ್ಟು ನಡೆದುಹೋಗಬಹುದು ಅನಿಸುವಷ್ಟು. ಬಲಕ್ಕೆ ನೋಡಿದ. ಏರಿಯ ಬುಡದಲ್ಲಿ, ಅವನ ಕಾಲಿಗಿಂತ ಎಷ್ಟೋ ಕೆಳಗೆ, ತಗ್ಗಿನಕೇರಿ. ತನ್ನ ಮಾಳಿಗೆ, ಮಾಳಿಗೆಯ ಮೇಲಿನ ನೀರಿನ ಟ್ಯಾಂಕು, ಮೂರು ಮನೆ ಆಚೆಗೆ ಹಸಿರು ಸೀರೆ. ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ. ಕೆರೆಯ ನೀರು ತನ್ನ ಟ್ಯಾಂಕಿನ ಮುಚ್ಚಳಕ್ಕಿಂತ ಎತ್ತರದಲ್ಲಿತ್ತು. ಇಷ್ಟು ವರ್ಷ ಇದೇ ಏರಿಯ ಮೇಲೆ ನಿಂತು ಭಾಷಣ ಮಾಡಿದ್ದ. ಒಂದು ಸಲವೂ ಎರಡೂ ಕಡೆ ಒಟ್ಟಿಗೆ ನೋಡಿರಲಿಲ್ಲ. ಕೆರೆ ಬತ್ತಿದ್ದಾಗ ಏರಿಗೆ ಹಿಂದು ಮುಂದು ಅನ್ನುವುದೇ ಇರಲಿಲ್ಲ. ಹಿಂದೆ ಇಲ್ಲಿ ಗದ್ದೆಗಳಿದ್ದವು, ಭತ್ತ ಬೆಳೆಯುತ್ತಿದ್ದರು ಎಂದು ತಾಯಿ ಹೇಳುತ್ತಿದ್ದದ್ದು ನೆನಪಾಯಿತು. ಗದ್ದೆಯಲ್ಲಿ ಮನೆ ಕಟ್ಟಿಕೊಂಡು ಕೆರೆ ತುಂಬಲಿ ಎಂದು ಕೂಗಿದವರು ನಾವು ಎಂದು ಅವನಿಗೆ ನಗು ಬಂತು. ಅದು ಕೃತಜ್ಞತೆಯ ನಗುವೆಂದು ತಿಳಿದು ಜನ ಚಪ್ಪಾಳೆ ತಟ್ಟಿದರು.

ಕಾಲ ಕೆಳಗೇ ತೂಬು. ಕೆರೆಗೆ ನೀರು ಬಿಡುವ ಮೊದಲು, ಮುರಿದ ತೂಬಿನಿಂದ ಸೋರಿಹೋಗದಿರಲೆಂದು ತನ್ನ ಅಂಗಡಿಯ ಸಿಮೆಂಟು ಚೀಲಗಳನ್ನು ದಾನ ಕೊಟ್ಟು, ಮುಂದೆ ನಿಂತು ಅದರ ಬಾಯಿ ಮುಚ್ಚಿಸಿದ್ದ. ಓಬಳೇಶಪ್ಪ ಆಗ ಕುರಿ ಹೊಡೆದುಕೊಂಡು ಹೊಳೆಸಾಲಿಗೆ ಹೋಗಿದ್ದರಿಂದ ಅದನ್ನು ನೋಡಿರಲಿಲ್ಲ. ಈಗ ಒಂದಿಷ್ಟು ನೀರನ್ನು ಅದೇ ತೂಬಿನಿಂದ ಹಳ್ಳಕ್ಕೆ ಬಿಟ್ಟರೆ, ಎಂಬ ಯೋಚನೆ ಬಂದು, ಕದ್ದ ಸಾಮಾನಿನ ಹಾಗೆ ಅದನ್ನು ಶಾಲಿನೊಳಗೆ ಮುಚ್ಚಿಕೊಂಡ. ಅಷ್ಟರಲ್ಲಿ ಮೈಕು ಅವನ ಬಾಯಿಗೆ ಬಂದಿತ್ತು. ಹೆಂಗಸರ ಗುಂಪಿನಲ್ಲಿ ತಲೆಯ ಮೇಲೆ ರೊಟ್ಟಿಯ ಬುಟ್ಟಿ ಹೊತ್ತು ಕೊಟ್ರಬಸಮ್ಮ ನಿಂತಿದ್ದಳು. ಈ ಹೊತ್ತಿನ ಊಟಕ್ಕೆ ಆಕೆಯಿಂದಲೇ ರೊಟ್ಟಿ ತರಿಸಿದ್ದಳು ಪುಷ್ಪಲತಾ. ಪಾಪ ಕಳೆಯಲಿ ಎಂದು ಗಂಡನಿಗೆ ಬಾಯಿಬಿಟ್ಟೇ ಹೇಳಿದ್ದಳು. ಹೇಳಬೇಕು, ಈಗಲೇ, ಎಂದು ಗುರುಸಂಗಪ್ಪ ಬಾಯಿ ತೆರೆದ. ಮೈಕು ಕಿರ್ರೆಂದಿತು. ಮುಂದೆ ಕೂತ ನಾಲ್ಕು ಹಳ್ಳಿಯ ಮುಖಗಳು ಅವನ ಬಾಯನ್ನೇ ನೋಡುತ್ತಿದ್ದವು. "ನನ್ನ ಜೀವ ಇರೋ ಮಟ," ಎಂದು ಬೇರೆ ಯಾರದೋ ದನಿ ಅವನ ಗಂಟಲಿನಿಂದ ಹೊರಟಿತು, "ಈ ಕೆರೀಲಿಂದ ಒಂದು ಹನಿನೂ ಕೆಳಗ ಬಿಡಾಕ ಕೊಡೂದಿಲ್ಲ!" ಚಪ್ಪಾಳೆ, ಶಿಳ್ಳೆ. ಎರಡು ಕೈಯಿಂದಲೂ ಬುಟ್ಟಿ ಹಿಡಿದಿದ್ದ ಕೊಟ್ರಬಸಮ್ಮ ಚಪ್ಪಾಳೆ ತಟ್ಟಲಿಲ್ಲ. ಬುಟ್ಟಿ ಇತ್ತಲ್ಲ, ಅದಕ್ಕೆ, ಎಂದು ಅವನು ತನಗೆ ತಾನೇ ಹೇಳಿಕೊಂಡ.

ಊಟಕ್ಕೆ ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು, ಅದರ ಕೆಳಗೆ ತಾಡಪಾಲು, ಅದರ ಕೆಳಗೆ ಅಂಗಡಿಯ ಖಾಲಿ ಸಿಮೆಂಟು ಚೀಲ, ಅದರ ಕೆಳಗೆ ನೀರು. ಕೂತವರ ಭಾರಕ್ಕೆ ಚೀಲದಿಂದ ಪಚಕ್ ಎಂಬ ಸದ್ದು ಬರುತ್ತಿತ್ತು. ಪ್ರತಿ ಸಲವೂ ಗುರುಸಂಗಪ್ಪ, "ಬಡಸ್ರಿ, ಬಡಸ್ರಿ, ಪಲ್ಯೆ ಬರ್ಲಿ," ಎಂದು ಕೂಗುತ್ತಿದ್ದ. ದೇವರಕೋಣೆಯ ಬಾಗಿಲಿಗೆ ತಾನೇ ಬೆನ್ನು ಕೊಟ್ಟು ನಿಂತಿದ್ದ. ಒಳಗಿನಿಂದ ವಟರ್. ಅವನು ಕೆಮ್ಮಿದ.

"ಯಣ್ಣಾ, ಎದಿ ತೋರಸ್ರಿ ಡಾಕ್ಟರ್‌ಗೆ," ಅಂದ ಓಬಳೇಶಪ್ಪ. "ಕೆಮ್ಮು ಕಪ್ಪಿ ಒದರಿದಂಗ ಬರಾಕ ಹತ್ತೈತಿ."

ಎಲ್ಲರೂ ನಕ್ಕರು. ಗುರುಸಂಗಪ್ಪನೂ ನಕ್ಕ. ವಟರ್. ಕೆಮ್ಮಿದ. ರೊಟ್ಟಿ ಬಂತು. ಓಬಳೇಶಪ್ಪ ಒಂದನ್ನು ಎತ್ತಿ ಹಿಡಿದ. ಲಟಕ್ಕೆಂದು ಮುರಿಯಬೇಕಾದದ್ದು ಅವನ ಬೆರಳುಗಳ ಎರಡು ಬದಿಗೂ ಜೋತುಬಿತ್ತು.

"ಯಾರ ರೊಟ್ಟಿ ಇವು? ಕರವಸ್ತ್ರ ಇದ್ದಂಗ ಅದಾವಲ್ರೆಲೇ," ಎಂದು ಅದರಿಂದ ಬೋಳುತಲೆಯನ್ನು ಒರೆಸಿಕೊಳ್ಳುವಂತೆ ನಟಿಸಿದ. "ಕೊಟ್ರಬಸಕ್ಕಾ, ಕೈ ಸೋತಾವೇನಬೇ?"

ನಗು ಎದ್ದಿತು. ಅಡಿಗೆಮನೆಯ ಬಾಗಿಲಲ್ಲಿ ಬುಟ್ಟಿ ಹಿಡಿದು ನಿಂತಿದ್ದ ಕೊಟ್ರಬಸಮ್ಮನ ಮುಖ ಕೆಂಪಾಯಿತು. ಆಕೆ ಓಬಳೇಶಪ್ಪನ ಕಡೆಗೆ ನೋಡಲಿಲ್ಲ, ಗುರುಸಂಗಪ್ಪನ ಕಡೆಗೆ ನೋಡಿದಳು. ಇಷ್ಟು ವರ್ಷದಲ್ಲಿ ಆಕೆಯ ರೊಟ್ಟಿಯನ್ನು ಯಾರೂ ಹೀಗೆ ಅಂದಿರಲಿಲ್ಲ. ಒಂದು ಮಾತು ಸಾಕಾಗಿತ್ತು: ಗ್ವಾಡಿ ಹಸಿ ಐತಿ, ಅದಕ್ಕ. ಆ ಮಾತು ಅವನ ನಾಲಿಗೆಯ ಮೇಲೆ ಬಂದು, ರೊಟ್ಟಿಯ ಹಾಗೇ ಮೆತ್ತಗಾಗಿ, ಎರಡೂ ಕಡೆ ಜೋತುಬಿತ್ತು. "ಪಲ್ಯೆ ಬರ್ಲಿ," ಅಂದ.

ಆಗ ಅವನ ಬೆನ್ನ ಹಿಂದೆ ಕಿರ್, ಕಿರ್ ಎಂದು ಏನೋ ತಿರುಗಿದ ಸದ್ದು. ಆಮೇಲೆ ಟಪ್ ಎಂದು ಮುಚ್ಚಳ ನೆಲಕ್ಕೆ ಬಿದ್ದ ಸದ್ದು. ಆಮೇಲೆ, ಎಳೆಯ ಹುಡುಗಿಯೊಬ್ಬಳು ಬಾಯಿಗೆ ಕೈ ಅಡ್ಡವಿಟ್ಟು ನಕ್ಕ ಹಾಗೆ, ನೀರಿನ ಸದ್ದು. ಪಾದದ ಹಿಂಭಾಗಕ್ಕೆ ತಂಪು ತಗಲಿತು. ಅವನು ಕಾಲು ಎತ್ತಲಿಲ್ಲ. ಎತ್ತಿ ಇಡುವುದಕ್ಕೆ ಬೇರೆ ಜಾಗ ಇರಲಿಲ್ಲ.

"ಬಂದ್ಲು ನನ ತಾಯಿ!" ಎಂದು ದಾಕ್ಷಾಯಣಮ್ಮ ಕೂಗಿದಳು. "ಏರಿ ಹತ್ತಾಕ ಆಗದಾಕಿ ಅಂತ ಕೆರಿ ತಾನಾ ಇಳಿದು ಬಂದೈತಿ ನೋಡ್ರೇ!"

ಕೂತವರೆಲ್ಲ ಎಂಜಲುಗೈಯಲ್ಲೇ ಎದ್ದು ನುಗ್ಗಿದರು. ಪೈಪಿನ ಬಾಯಿಂದ ನೀರು ಉಕ್ಕಿ, ಸಮೆಯನ್ನು ಸುತ್ತಿ, ಅರಿಸಿನ ಕುಂಕುಮದ ಬಟ್ಟಲನ್ನು ತೇಲಿಸಿಕೊಂಡು ಹೊಸ್ತಿಲು ದಾಟುತ್ತಿತ್ತು. ತಾಯಿ ತನ್ನ ಪುಟ್ಟ ಬಾಗಿನದ ಮೊರವನ್ನು ಅದರ ಮೇಲೆ ಬಿಟ್ಟಿದ್ದಳು; ಅದು ಹಸಿರು ಬಳೆ ಹೊತ್ತುಕೊಂಡು ತಿರುತಿರುಗಿ ಪಡಸಾಲೆಯ ಕಡೆಗೆ ಬರುತ್ತಿತ್ತು. ಮುಗಿಯಿತು ಎಂದುಕೊಂಡ ಗುರುಸಂಗಪ್ಪ ಕಣ್ಣು ಮುಚ್ಚಿದ. ನಗು ಕೇಳಬೇಕಿತ್ತು. ಕೇಳಲಿಲ್ಲ. ಕಣ್ಣು ತೆರೆದರೆ ಓಬಳೇಶಪ್ಪ ಬೋಳುತಲೆಯನ್ನು ನೀರಿಗೆ ಹಚ್ಚಿ ಅಡ್ಡಬಿದ್ದಿದ್ದ.

"ಗಂಗವ್ವ!" ಎಂದು ಗದ್ಗದಿತನಾಗಿ ಎದ್ದ. "ಹೋರಾಟ ಮಾಡಿದಾಂವನ ಮನಿ ಹುಡಿಕ್ಯಾಂಡು ಬಂದಾಳ್ರೋ! ಏ, ಫೋಟೊ ಹಿಡೀರ್ಲೇ!"

ಮೊಬೈಲುಗಳು ಮೇಲೆದ್ದವು. ಯಾರೋ ಕಾಯಿ ಒಡೆದರು. ಯಾರೋ ಗುರುಸಂಗಪ್ಪನ ಒದ್ದೆ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಒಂದು ಕ್ಷಣ ಅವನಿಗೆ ಎಂಥ ಹಗುರ ಅನಿಸಿತೆಂದರೆ, ತಿಂಗಳುಗಟ್ಟಲೆ ಧೋತರದಲ್ಲಿ ಹಿಂಡಿ ಕದ್ದು ಚೆಲ್ಲಿದ್ದು ತೀರ್ಥವೇ ಇರಬೇಕು ಎಂದು ನಂಬುವುದಕ್ಕೆ ಅವನು ಹೊರಟಿದ್ದ. ಸುಮ್ಮನೆ ಕೈಮುಗಿದು ನಿಂತರೆ ಸಾಕಾಗಿತ್ತು. ಕೈಗಳು ಆಗಲೇ ಅರ್ಧ ಎದ್ದಿದ್ದವು.

ಕೊಟ್ರಬಸಮ್ಮ ಬುಟ್ಟಿಯನ್ನು ಕೆಳಗಿಟ್ಟಳು. ನೀರು ಅದರ ಬುಡವನ್ನು ಮುಟ್ಟಿತು. ಆಕೆ ಬಗ್ಗಿ ಜಮಖಾನೆಯ ತುದಿ ಎತ್ತಿದಳು, ತಾಡಪಾಲು ಎತ್ತಿದಳು, ಸಿಮೆಂಟಿನ ಚೀಲ ಎತ್ತಿ ಹಿಂಡಿದಳು. ಹಳೆಯ, ಬೂದು ಬಣ್ಣದ, ವಾಸನೆ ಹಿಡಿದ ನೀರು ಇಳಿಯಿತು.

"ನಿಮ್ಮ ಮನ್ಯಾಗ ಬಂದ್ರ ಗಂಗವ್ವ," ಅಂದಳು ಸಾವಕಾಶ. "ನಮ್ಮ ಮನ್ಯಾಗ ಬಂದ್ರ ಪೈಪು ಲೀಕು. ಹೌದಲ್ರಿ ಅಣ್ಣಾರ?"

ಮೊರ ಬಂದು ಗುರುಸಂಗಪ್ಪನ ಕಾಲಿಗೆ ತಾಗಿ ನಿಂತಿತು. ಎಲ್ಲರೂ ಅವನನ್ನು ನೋಡುತ್ತಿದ್ದರು. ಬೆಳಿಗ್ಗೆ ಮೈಕಿನ ಮುಂದೆ ನೋಡಿದ ಅದೇ ಮುಖಗಳು. ಆದರೆ ಇಲ್ಲಿ ಮೈಕು ಇರಲಿಲ್ಲ, ಹಾಗಾಗಿ ಬೇರೆ ಯಾರದೋ ದನಿ ಬರುವ ಹಾಗಿರಲಿಲ್ಲ.

"ಓಬಳೇಶಾ," ಅಂದ. "ತೂಬು ಎತ್ತಬೇಕಪಾ."

"ಏನಂತೀರಿ ಯಣ್ಣಾ? ಮುಂಜಾನಿ ಒಂದು ಹನಿನೂ ಬಿಡೂದಿಲ್ಲ ಅಂದೀರಿ!"

"ಒಂದು ಹನಿ ಬಿಡೂದು ಬ್ಯಾಡ. ಒಂದು ಗೇಣು ಬಿಡೂಣು."

ಒಂದು ಗೇಣು ಇಳಿದರೆ ತಗ್ಗಿನಕೇರಿ ಒಣಗುತ್ತದೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಓಬಳೇಶಪ್ಪನ ಬೋರಿನ ಗೊರಗೊರ ಅವನ ಮುಖದ ಮೇಲೆಯೇ ಒಣಗುತ್ತಿರುವಂತೆ ಕಂಡಿತು. ಆಗ ಹಿಂದಿನ ಸಾಲಿನಿಂದ, ಈವರೆಗೆ ತುಟಿಬಿಚ್ಚದ ತಗ್ಗಿನಕೇರಿಯ ನಾಗಲಿಂಗಮ್ಮ, "ನಮ್ಮ ಅಡಿಗಿಮನ್ಯಾಗೂ ಐತ್ರಿ," ಅಂದಳು. ಹೇಳಿ ಬಾಯಿಗೆ ಸೆರಗು ಹಿಡಿದುಕೊಂಡಳು. "ನಮ್ಮ ಕಾಳಿನ ಹಗೇವು ನೀರು ತುಂಬೇತಿ. ಜ್ವಾಳ ಎಲ್ಲಾ ಮೊಳತಾವು," ಅಂದ ಇನ್ನೊಬ್ಬ. "ನಮ್ಮ ಪಾಯಖಾನಿ," ಎಂದು ಮತ್ತೊಬ್ಬ ಶುರು ಮಾಡಿ, ಊಟದ ಹೊತ್ತು ಎಂದು ನಿಲ್ಲಿಸಿದ. ತಗ್ಗಿನಕೇರಿಯ ಪ್ರತಿ ಮನೆಯಲ್ಲೂ ಒಂದು ಬಕೀಟು, ಒಂದು ಹಳೆಯ ಧೋತರ, ಒಂದು ಜಮಖಾನೆ ಇತ್ತು. ಎಲ್ಲರೂ ಪಕ್ಕದ ಮನೆಯವರಿಗೆ ಕೇಳದ ಹಾಗೆ ಹಿಂಡುತ್ತಿದ್ದರು. ನೀರಿಲ್ಲ, ನೀರಿಲ್ಲ ಎಂದೇ ಅಜ್ಜ ಮುತ್ತಜ್ಜ ಅತ್ತು ಹೋದ ಸೀಮೆಯಲ್ಲಿ ನೀರು ಹೆಚ್ಚಾಯಿತು ಎಂದು ಬಾಯಿಬಿಟ್ಟು ಹೇಳುವ ಮೊದಲ ಪಾಪಿ ತಾನಾಗುವುದು ಯಾರಿಗೂ ಬೇಕಿರಲಿಲ್ಲ.

"ಅಲ್ರೆಲೇ, ಎಲ್ಲಾ ಕಳ್ಳರ ಅದೀರಲ್ಲ!" ಅಂದ ಓಬಳೇಶಪ್ಪ. ತಲೆ ಸವರಿಕೊಂಡ. ಹೊಟ್ಟೆ ಹಿಡಿದುಕೊಂಡು ನಗಲೋ, ಸಿಟ್ಟಾಗಲೋ ಗೊತ್ತಾಗದೆ ಎರಡನ್ನೂ ಅರ್ಧರ್ಧ ಮಾಡಿದ. ಕೊನೆಗೆ, "ಒಂದು ಗೇಣು ಅಷ್ಟಾ. ಮ್ಯಾಲೆ ಒಂದು ಬಟ್ಟು ಹೋದ್ರೂ ನಾ ಸುಮ್ನ ಇರಾಂವಲ್ಲ," ಎಂದು ನಾಲ್ಕು ಜನರನ್ನೂ ಒಂದು ಹಾರೆಯನ್ನೂ ಕರೆದುಕೊಂಡು ಏರಿಯ ಕಡೆಗೆ ಹೋದ.

ಗುರುಸಂಗಪ್ಪ ನೀರಿನಲ್ಲೇ ಚಕ್ಕಂಬಕ್ಕಲ ಹಾಕಿ ಕೂತ. ಕೂತ ಮೇಲೆ ತಿಳಿಯಿತು, ಇಷ್ಟು ದಿನ ಹೆದರಿದಷ್ಟು ತಣ್ಣಗೇನೂ ಇರಲಿಲ್ಲ. ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು, ನಾಲ್ಕು ಮಡಿಕೆ ಮಾಡಿ ಬಾಯಿಗಿಟ್ಟ. ಕೊಟ್ರಬಸಮ್ಮ ನೋಡುತ್ತಿದ್ದಳು. ಹೇಗಿದೆ ಎಂದು ಹೇಳುವುದೋ, ಬಚ್ಚಲಿನ ಮಾತು ಎತ್ತುವುದೋ ಎಂದು ಅಗಿಯುತ್ತಲೇ ಇದ್ದ. ಮೆತ್ತನೆಯ ರೊಟ್ಟಿ ಬೇಗ ಮುಗಿಯುವುದಿಲ್ಲ. ಅಷ್ಟರಲ್ಲಿ ಜೇಬಿನ ಫೋನು ಬಡಿದುಕೊಂಡಿತು. ಎಂಜಲ ಬೆರಳು ಎಲ್ಲಿ ತಾಗಿತೋ, ಓಬಳೇಶಪ್ಪನ ಗಂಟಲು ಇಡೀ ಪಡಸಾಲೆಗೆ ಕೇಳಿತು.

"ಯಣ್ಣಾ! ತೂಬು ಜಗ್ಗವಲ್ದು! ಬಾಯಿಗೆ ಯಾವ್ದೋ ಸಿಮೆಂಟ್ ಬಡದಾರ. ಹಾರಿ ಮಣದೈತಿ, ಸಿಮೆಂಟು ಚಕ್ಕಿನೂ ಎದ್ದಿಲ್ಲ. ಯಾವ ಪುಣ್ಯಾತ್ಮನ ಅಂಗಡೀದ್ರಿ ಇದು? ಕಲ್ಲಾಗಿ ಕುಂತೈತಿ, ಕಲ್ಲು!"

ದಾನದ ಚೀಲಗಳು ಯಾರವೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಗುರುಸಂಗಪ್ಪ ಶಾಲನ್ನು ತೆಗೆದು ನೀರಿಗೆ ಹಾಸಿದ. ಧೋತರ ಎತ್ತಿಕಟ್ಟಿ, ಮೂಲೆಯಲ್ಲಿದ್ದ ಇನ್ನೊಂದು ಹಾರೆಗೆ ಕೈಹಾಕಿ ಎದ್ದು ನಿಂತ. ಕೊಟ್ರಬಸಮ್ಮ ಬಾಗಿಲಿಗೆ ಅಡ್ಡವಾಗಿಯೇ ನಿಂತಿದ್ದಳು. ಆಕೆಯ ಮುಖದಲ್ಲಿ ತಿಂಗಳಾದ ಮೇಲೆ ಮೊದಲ ಸಲ ನಗುವಿನಂಥದೇನೋ ಕಂಡಿತು.

"ಮತ್ತ ನಮ್ಮ ಗ್ವಾಡಿಗೆ ಕೊಟ್ಟ ಸಿಮೆಂಟು ಯಾವುದ್ರಿ, ಅಣ್ಣಾರ?"

ಅವನು ಬಾಯಿ ತೆರೆದ. ದೇವರಕೋಣೆಯ ಸಂದಿಯಿಂದ ಕಪ್ಪೆ ವಟರ್ ಎಂದಿತು, ಮತ್ತೊಮ್ಮೆ, ಇನ್ನೂ ಜೋರಾಗಿ. ಗುರುಸಂಗಪ್ಪ ಕೆಮ್ಮಲಿಲ್ಲ.